ಹತ್ತು ಡಾಲರಿನ ಬಿಲ್ಲೆ

ನಮ್ಮ ಸಾಗರದ ತಾಲ್ಲೂಕು ಕಚೇರಿಯ ಜವಾನರ ಎದೆಯ ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ ಹೊಳೆಯುತ್ತಿತ್ತು. ಅಪ್ಪ ಗೇಣಿ ಜಮೀನಿಗೆ ಡಿಕ್ಲರೇಶನ್ ಹಾಕಿದ್ದ ಕಾಲ. ವಿಚಾರಣೆಗೆ ಅಂತ ಕಚೇರಿಗೆ ಅಲೆಯುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ಒಳಗೆ ಕೈಮುಗಿದು ನಿಂತಿದ್ದರೆ ನಾನು ಹೊರಗಿನ ಬೆಂಚಿನಲ್ಲಿ ಕೂತು ಆ ಬಿಲ್ಲೆಯನ್ನೇ ನೋಡುತ್ತಿದ್ದೆ. ಬಿಲ್ಲೆ ಜವಾನನದಲ್ಲ, ಸರ್ಕಾರದ್ದು. ನಿವೃತ್ತಿಯ ದಿನ ಬಿಚ್ಚಿಕೊಟ್ಟು ಮನೆಗೆ ಹೋಗಬೇಕು ಎಂದು ಅಪ್ಪ ಹೇಳಿದ್ದು ನೆನಪಿದೆ.

1986ರಲ್ಲಿ ನ್ಯೂಯಾರ್ಕಿಗೆ ಬಂದಾಗ ಅಂಥದೇ ಬಿಲ್ಲೆಯನ್ನು ಇಲ್ಲಿಯ ಹಳದಿ ಟ್ಯಾಕ್ಸಿಗಳ ಬಾನೆಟ್ಟಿನ ಮೇಲೆ ಕಂಡೆ. ಅಂಗೈಯಷ್ಟು ಅಗಲದ ತಗಡು, ಮೇಲೆ ನಂಬರು. ಇದಕ್ಕೆ ಇಲ್ಲಿ ಮೆಡಾಲಿಯನ್ ಅನ್ನುತ್ತಾರೆ. ಇದೂ ಸರ್ಕಾರದ ಪರವಾನಗಿಯೇ. ಆದರೆ ಇದನ್ನು ಮಾರಬಹುದು, ಕೊಳ್ಳಬಹುದು, ಅಡವಿಡಬಹುದು, ಗೇಣಿಗೆ ಕೊಡಬಹುದು, ಸತ್ತ ಮೇಲೆ ಮಕ್ಕಳಿಗೆ ಬಿಟ್ಟುಹೋಗಬಹುದು. ಜಾಕ್ಸನ್ ಹೈಟ್ಸಿನ 74ನೇ ಬೀದಿಯಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಟ್ಯಾಕ್ಸಿ ಚಾಲಕರ ಆದಾಯ ತೆರಿಗೆಯ ಲೆಕ್ಕ ಬರೆದೆ. ಹೀಗಾಗಿ ಈ ತಗಡಿನ ಚರಿತ್ರೆಯನ್ನು ನಾನು ತಿಳಿದಿದ್ದೇ ಬಡ್ಡಿ, ಅಸಲು, ಕಂತುಗಳ ಮೂಲಕ. ಟ್ಯಾಕ್ಸಿಯನ್ನು ಊಬರ್ ಮುಳುಗಿಸಿತು ಎಂದು ಈಗ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ನನ್ನ ಲೆಕ್ಕದ ಪುಸ್ತಕ ಹೇಳುವುದು ಬೇರೆ.

ಈ ಊರಿಗೆ ಮೀಟರ್ ಹಾಕಿದ ಮೋಟಾರು ಟ್ಯಾಕ್ಸಿ ಬಂದದ್ದು 1907ರಲ್ಲಿ. ಕುದುರೆಗಾಡಿಯವನೊಬ್ಬ ಮುಕ್ಕಾಲು ಮೈಲಿಗೆ 5 ಡಾಲರು ಕಿತ್ತುಕೊಂಡನೆಂಬ ಸಿಟ್ಟಿಗೆ ಹ್ಯಾರಿ ಅಲೆನ್ ಎಂಬಾತ ಫ್ರಾನ್ಸಿನಿಂದ 65 ಕಾರು ತರಿಸಿ ಕಂಪನಿ ತೆಗೆದನೆಂದು ಕಥೆ. ಬಿಲ್ಲೆಯ ಕಥೆ ಶುರುವಾಗುವುದು ಮಾತ್ರ 1930ರ ದಶಕದ ಮಹಾ ಕುಸಿತದಲ್ಲಿ. ಕೆಲಸ ಕಳೆದುಕೊಂಡವರೆಲ್ಲ ಕಾರು ಹಿಡಿದು ಬೀದಿಗಿಳಿದರು. ಹತ್ತುವವರಿಗಿಂತ ಹತ್ತಿಸಿಕೊಳ್ಳುವವರೇ ಹೆಚ್ಚಾದರು. ದಿನವಿಡೀ ತಿರುಗಿದರೂ ಪೆಟ್ರೋಲಿನ ಕಾಸು ಹುಟ್ಟುತ್ತಿರಲಿಲ್ಲ. 1934ರಲ್ಲಿ ಚಾಲಕರು ದೊಡ್ಡ ಮುಷ್ಕರ ಹೂಡಿದರು. ಕ್ಲಿಫರ್ಡ್ ಓಡೆಟ್ಸ್ ಮರುವರ್ಷ ಅದನ್ನೇ ನಾಟಕ ಮಾಡಿದ. ಕೊನೆಗೆ 1937ರಲ್ಲಿ ಮೇಯರ್ ಲಾಗಾರ್ಡಿಯಾ ಹಾಸ್ ಕಾಯಿದೆಗೆ ಸಹಿ ಹಾಕಿದರು. ಬೀದಿಯಲ್ಲಿ ಕೈಯೆತ್ತಿದವರನ್ನು ಹತ್ತಿಸಿಕೊಳ್ಳಲು ಇನ್ನು ಇಷ್ಟೇ ಕಾರುಗಳಿಗೆ ಅಪ್ಪಣೆ ಎಂದು ಗೊತ್ತುಮಾಡಿದರು. ಬಿಲ್ಲೆಗೆ ಶುಲ್ಕ 10 ಡಾಲರು.

ಆ ಕಾನೂನು ತಪ್ಪೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ದುಡಿಯುವವನ ಹೊಟ್ಟೆ ತುಂಬಲಿ ಎಂದೇ ಅದನ್ನು ಮಾಡಿದ್ದು. ಹಾಳಾಗಿದ್ದು ಆಮೇಲೆ. ಮೊದಲು 13,595 ಇದ್ದ ಬಿಲ್ಲೆಗಳು ಎರಡನೇ ಮಹಾಯುದ್ಧದ ಹೊತ್ತಿಗೆ, ಚಾಲಕರು ಸೈನ್ಯಕ್ಕೆ ಹೋಗಿ ಹಲವು ಬಿಲ್ಲೆಗಳು ವಾಪಸಾಗಿ, 11,787ಕ್ಕೆ ಇಳಿದವು. ಯುದ್ಧ ಮುಗಿಯಿತು, ಊರು ಬೆಳೆಯಿತು, ಜಗತ್ತಿನ ದುಡ್ಡೆಲ್ಲ ಮ್ಯಾನ್‌ಹಟನ್ನಿಗೆ ಹರಿದುಬಂತು. 1996ರವರೆಗೂ ಆ ಸಂಖ್ಯೆ ಮಾತ್ರ ಏರಲಿಲ್ಲ. ಬೇಕೆಂದವರಿಗೆ ಸಿಗದ ವಸ್ತುವಿಗೆ ಬೆಲೆ ಬರದೆ ಇರುತ್ತದೆಯೇ? 1947ರ ಸುಮಾರಿಗೆ 2,500 ಡಾಲರಿಗೆ ಕೈ ಬದಲಾಯಿಸುತ್ತಿದ್ದ ಬಿಲ್ಲೆ 1960ಕ್ಕೆ 20,000 ಮುಟ್ಟಿತು, 1980ಕ್ಕೆ 60,000. ನಾನು ಬಂದಾಗ ಲಕ್ಷ ದಾಟಿತ್ತು.

ನನ್ನ ಮಟ್ಟಿಗೆ ಈ ಚರಿತ್ರೆಯ ಕೆಟ್ಟ ವರ್ಷ 1979. ಅದಕ್ಕೆ ಮುಂಚೆ ಗ್ಯಾರೇಜಿನ ಒಡೆಯನಿಗೂ ಚಾಲಕನಿಗೂ ಪಾಲಿನ ಲೆಕ್ಕವಿತ್ತು. ಮೀಟರಿನಲ್ಲಿ ಬಂದದ್ದರಲ್ಲಿ ಒಡೆಯನಿಗಿಷ್ಟು, ಚಾಲಕನಿಗಿಷ್ಟು. ಮಳೆ ಬಂದು ಗಿರಾಕಿ ಹೆಚ್ಚಿದರೆ ಇಬ್ಬರಿಗೂ ಲಾಭ, ಊರು ಖಾಲಿಯಾದರೆ ಇಬ್ಬರಿಗೂ ನಷ್ಟ. 1960ರ ದಶಕದಲ್ಲಿ ಹ್ಯಾರಿ ವ್ಯಾನ್ ಆರ್ಸ್‌ಡೇಲ್ ಕಟ್ಟಿದ ಯೂನಿಯನ್ನೂ ಇತ್ತು. 1979ರಲ್ಲಿ ಟ್ಯಾಕ್ಸಿ ಆಯೋಗ ಲೀಸಿಗೆ ಅನುಮತಿ ಕೊಟ್ಟಿತು. ಅಂದಿನಿಂದ ಚಾಲಕ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಹನ್ನೆರಡು ಗಂಟೆಯ ಪಾಳಿಗೆ ಇಷ್ಟು ಎಂದು ಮೊದಲೇ ಎಣಿಸಿ ಕೊಟ್ಟು ಬೀಗದ ಕೈ ತೆಗೆದುಕೊಳ್ಳಬೇಕು. ಪೆಟ್ರೋಲು ಅವನದೇ. ಗಿರಾಕಿ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಪಾಳಿಯ ಮೊದಲ ಐದಾರು ಗಂಟೆ ದುಡಿದದ್ದು ಲೀಸಿಗೂ ಪೆಟ್ರೋಲಿಗೂ ಹೋಗುತ್ತದೆ, ಆಮೇಲಿನದೇ ಮನೆಗೆ ಎಂದು ನನ್ನ ಬಳಿ ಬರುವವರು ಲೆಕ್ಕ ಕೊಡುತ್ತಿದ್ದರು.

ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಸೀಮೆಯ ಗೇಣಿಯೇ ಇದು. ಬೆಳೆ ಬರಲಿ ಬಿಡಲಿ ಒಡೆಯರ ಮನೆಯ ಕಣಜಕ್ಕೆ ಭತ್ತ ಅಳೆಯಲೇಬೇಕಿತ್ತು. ಅಳೆಯುವ ಕೊಳಗವೇ ದೊಡ್ಡದು ಎಂಬ ತಕರಾರಿನಿಂದ 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತರು. ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಉಳುವವನೇ ಹೊಲದ ಒಡೆಯನಾದ. ನಮ್ಮಪ್ಪನೂ ಆದರು. ಅದಾಗಿ ಐದೇ ವರ್ಷಕ್ಕೆ, ಜಗತ್ತಿನ ಅತಿ ಸಿರಿವಂತ ನಗರವೊಂದು ತನ್ನ ಚಾಲಕರನ್ನು ಕಾನೂನು ಮಾಡಿಯೇ ಗೇಣಿದಾರರನ್ನಾಗಿಸಿತು. ಇಲ್ಲಿಯ ಗ್ಯಾರೇಜುಗಳಲ್ಲಿ ಬೆಳಗಿನ ಐದಕ್ಕೂ ಸಂಜೆಯ ಐದಕ್ಕೂ ಪಾಳಿ ಬದಲಾಗುವಾಗ ಕಿಂಡಿಯ ಮುಂದೆ ನೋಟು ಎಣಿಸುತ್ತ ನಿಂತವರನ್ನು ಕಂಡಾಗ ನನಗೆ ಕಣದಲ್ಲಿ ಕೊಳಗ ತುಂಬುತ್ತಿದ್ದ ಅಜ್ಜನ ನೆನಪಾಗುತ್ತಿತ್ತು.

ಗೇಣಿ ಖಾತ್ರಿಯಾದ ಮೇಲೆ ಭೂಮಿಗೆ ಬೆಲೆ ಏರುತ್ತದೆ, ಸಾಲ ಹುಟ್ಟುತ್ತದೆ. ಇಲ್ಲೂ ಹಾಗೇ ಆಯಿತು. ಮುರ್‌ಸ್ಟೀನ್ ಎಂಬ ಮನೆತನದ ಅಜ್ಜ 1937ರಲ್ಲಿ 10 ಡಾಲರಿಗೆ ಬಿಲ್ಲೆ ಕೊಂಡಿದ್ದರು. ಮೊಮ್ಮಗನ ಕಾಲಕ್ಕೆ ಆ ಮನೆಯವರು ಟ್ಯಾಕ್ಸಿ ಓಡಿಸುವುದಕ್ಕಿಂತ ಬಿಲ್ಲೆಯ ಮೇಲೆ ಸಾಲ ಕೊಡುವುದೇ ಲಾಭವೆಂದು ಕಂಡುಕೊಂಡಿದ್ದರು. ಅವರ ಮೆಡಾಲಿಯನ್ ಫೈನಾನ್ಶಿಯಲ್ ಕಂಪನಿ 1996ರಲ್ಲಿ ಷೇರು ಪೇಟೆಗೆ ಬಂತು. ನಾಸ್ಡಾಕಿನಲ್ಲಿ ಆಗ ಅದರ ಗುರುತೇ ‘ಟ್ಯಾಕ್ಸಿ’ ಎಂದಿತ್ತು. ಟ್ಯಾಕ್ಸಿಯವರೇ ಒಬ್ಬರಿಗೊಬ್ಬರು ಆಸರೆಯಾಗಲೆಂದು ಹುಟ್ಟಿದ್ದ ಲೋಮ್ಟೋದಂಥ ಸಾಲ ಸಹಕಾರ ಸಂಘಗಳೂ, ಕ್ವೀನ್ಸ್ ಬುಲೆವಾರ್ಡಿನ ಮೆಲ್ರೋಸ್‌ನಂಥವೂ ಇದೇ ಸಾಲದಲ್ಲಿ ಮುಳುಗಿ ಬೆಳೆದವು. ಬ್ರೂಕ್ಲಿನ್ನಿನ ವಿಧವೆಯೊಬ್ಬರು ನನ್ನ ಬಳಿ ಬರುತ್ತಿದ್ದರು. ಗಂಡ ಬಿಟ್ಟುಹೋದ ಒಂದು ಬಿಲ್ಲೆಯ ಲೀಸಿನಲ್ಲೇ ಅವರ ಬದುಕು. ಹೂಡಿಕೆದಾರರು ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆಕೆ, ಆಮೇಲೆ ನೂರಾರು ಬಿಲ್ಲೆ ಹಿಡಿದ ಟ್ಯಾಕ್ಸಿ ದೊರೆಗಳು.

ಇನ್ನು ನನ್ನ ಬಳಿ ಲೆಕ್ಕ ಬರೆಸುತ್ತಿದ್ದ ಸರ್ದಾರಜಿಯೊಬ್ಬರ ವಿಷಯ. ಹೋಶಿಯಾರ್‌ಪುರದ ಕಡೆಯವರು, ನನ್ನ ಹಾಗೆ 1960ರಲ್ಲಿ ಹುಟ್ಟಿದವರು. 1991ರಲ್ಲಿ ಬಂದು ಹದಿನೈದು ವರ್ಷ ಗ್ಯಾರೇಜಿನ ಕಾರು ಲೀಸಿಗೆ ಓಡಿಸಿದರು. 1998ರ ಮೇ 13ರಂದು ಮೇಯರ್ ಜೂಲಿಯಾನಿಯ ಹೊಸ ದಂಡ-ನಿಯಮಗಳ ವಿರುದ್ಧ ಹಳದಿ ಟ್ಯಾಕ್ಸಿಗಳು ಒಂದು ದಿನ ಬೀದಿಗಿಳಿಯಲಿಲ್ಲ. ಭೈರವಿ ದೇಸಾಯಿಯವರ ಟ್ಯಾಕ್ಸಿ ಕಾರ್ಮಿಕರ ಸಂಘ ಆ ವರ್ಷ ಹುಟ್ಟಿತು. ಆ ದಿನ ಸರ್ದಾರಜಿಯೂ ಮನೆಯಲ್ಲಿದ್ದರು. ‘ಭಾಯಿಸಾಬ್, ಎಷ್ಟು ದಿನ ಇನ್ನೊಬ್ಬರ ಬಿಲ್ಲೆಗೆ ದುಡಿಯುವುದು’ ಎಂದು ಪ್ರತಿ ಏಪ್ರಿಲಿನಲ್ಲೂ ಕೇಳುತ್ತಿದ್ದರು. 2006ರಲ್ಲಿ 3,80,000 ಡಾಲರಿಗೆ ಸ್ವಂತದ್ದು ಕೊಂಡರು. ಹಗಲು ತಾವು ಓಡಿಸಿ ರಾತ್ರಿ ಪಾಳಿಯನ್ನು ಬಾಂಗ್ಲಾದೇಶದ ಹುಡುಗನಿಗೆ ಬಿಟ್ಟರು. ಲಡ್ಡು ತಂದುಕೊಟ್ಟ ದಿನ ಅವರ ಕೈಯಲ್ಲಿದ್ದ ಸಾಲದ ಕಾಗದವನ್ನು ನಾನು ಓದಿದೆ. ಕಂತಿನಲ್ಲಿದ್ದದ್ದು ಬಡ್ಡಿ ಮಾತ್ರ. ಅಸಲು ಕರಗುವುದೇ ಇಲ್ಲ. ಮೂರು ವರ್ಷಕ್ಕೊಮ್ಮೆ ಪೂರ್ತಿ ಸಾಲ ತೀರಿಸಬೇಕು, ಇಲ್ಲವೇ ಹೊಸದಾಗಿ ಬರೆಸಬೇಕು. ಬಿಲ್ಲೆಯ ಜೊತೆಗೆ ಮನೆ-ಮಠವೆಲ್ಲ ಜಾಮೀನು. ‘ಬೆಲೆ ಬಿದ್ದರೆ?’ ಎಂದೆ. ‘ಬಿದ್ದದ್ದು ಯಾವಾಗ ಹೇಳಿ’ ಎಂದರು. ಎಪ್ಪತ್ತು ವರ್ಷದ ಬೆಲೆಯ ಪಟ್ಟಿ ನನ್ನ ಗೋಡೆಯ ಮೇಲೇ ಇತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಇನ್ನೂ ಗಟ್ಟಿಯಾಗಿ ಮಾತಾಡಬೇಕಿತ್ತು ಎಂಬ ಕೊರಗು ನನಗೆ ಇವತ್ತಿಗೂ ಇದೆ.

ತೆರಿಗೆಯ ನಿಯಮದ ಪ್ರಕಾರ ಇಂಥ ಪರವಾನಗಿಯ ಬೆಲೆಯನ್ನು ಹದಿನೈದು ವರ್ಷಗಳಲ್ಲಿ ಸವೆಸಿ ತೋರಿಸಬೇಕು. ಹೀಗೆ ನನ್ನ ಕಾಗದದಲ್ಲಿ ಸರ್ದಾರಜಿಯ ಬಿಲ್ಲೆ ವರ್ಷವರ್ಷಕ್ಕೂ ಸವೆಯುತ್ತಿತ್ತು, ಪೇಟೆಯಲ್ಲಿ ಊದುತ್ತಿತ್ತು. 2002ರಲ್ಲಿ 2 ಲಕ್ಷ ಡಾಲರಿನ ಆಸುಪಾಸಿದ್ದ ಬೆಲೆ 2011ರ ಅಕ್ಟೋಬರಿನಲ್ಲಿ ಮೊದಲ ಸಲ 10 ಲಕ್ಷ ಮುಟ್ಟಿತು, 2014ಕ್ಕೆ ಅದನ್ನೂ ದಾಟಿತು. ಬೆಲೆ ಐದು ಪಟ್ಟಾದ ಆ ಹನ್ನೆರಡು ವರ್ಷದಲ್ಲಿ ಚಾಲಕರ ಸಂಪಾದನೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ನನ್ನ ಬಳಿಯ ಫೈಲುಗಳಲ್ಲೂ ಅದೇ ಕಾಣುತ್ತಿತ್ತು. ಹಾಗಾದರೆ ಏರಿದ ಬೆಲೆ ಎಲ್ಲಿಂದ ಬಂತು? ಸಾಲದಿಂದ ಬಂತು. ಕೊಡುವವರು ಹೆಚ್ಚು ಕೊಟ್ಟಂತೆ ಕೊಳ್ಳುವವರು ಹೆಚ್ಚು ಕೂಗಿದರು, ಕೂಗಿದ ಬೆಲೆಯನ್ನೇ ಆಧಾರ ಮಾಡಿಕೊಂಡು ಇನ್ನೂ ಹೆಚ್ಚು ಕೊಟ್ಟರು. ಸಾಲ ಕೊಟ್ಟವರೇ ಫೋನು ಮಾಡಿ, ‘ನಿಮ್ಮ ಬಿಲ್ಲೆಗೆ ಬೆಲೆ ಬಂದಿದೆ, ಇನ್ನಷ್ಟು ತೆಗೆದುಕೊಳ್ಳಿ’ ಎನ್ನುತ್ತಿದ್ದರು. ಸರ್ದಾರಜಿ ತೆಗೆದುಕೊಂಡರು: ಒಮ್ಮೆ ಮಗಳ ಓದಿಗೆ, ಒಮ್ಮೆ ರಿಚ್ಮಂಡ್ ಹಿಲ್ಲಿನ ಮನೆಗೆ. 2013ರ ಹೊತ್ತಿಗೆ ಸಾಲ 6,20,000 ಆಗಿತ್ತು.

ನಗರಸಭೆ ಏನು ಮಾಡುತ್ತಿತ್ತು? ಹರಾಜು ಹಾಕುತ್ತಿತ್ತು. ಬಜೆಟ್ಟಿನ ತೂತು ಮುಚ್ಚಲು 2004ರಿಂದ ಕಂತುಕಂತಾಗಿ ಹೊಸ ಬಿಲ್ಲೆ ಮಾರಿತು. ಷೇರು ಪೇಟೆಗಿಂತ ಇದು ಲೇಸೆಂದು ಜಾಹೀರಾತು ಕೊಟ್ಟಿತು. ಮಾರಾಟ ಮತ್ತು ಅದರ ಮೇಲಿನ ತೆರಿಗೆಯಿಂದ ಬ್ಲೂಮ್‌ಬರ್ಗ್, ಡಿ ಬ್ಲಾಸಿಯೊ ಇಬ್ಬರ ಕಾಲದಲ್ಲಿ ಬೊಕ್ಕಸಕ್ಕೆ ಬಂದದ್ದು 85 ಕೋಟಿ ಡಾಲರಿಗೂ ಹೆಚ್ಚು. ಈ ಬೆಲೆಗೆ ಆಧಾರವಿಲ್ಲ ಎಂದು ಒಳಗಿನ ಅಧಿಕಾರಿಗಳೇ ಎಚ್ಚರಿಸಿದ್ದರೆಂಬುದು 2019ರಲ್ಲಿ ನ್ಯೂಯಾರ್ಕ್ ಟೈಮ್ಸಿನ ಬ್ರಯನ್ ರೋಸೆಂಥಾಲ್ ತನಿಖೆ ಮಾಡಿ ಬರೆದಾಗ ಹೊರಬಿತ್ತು. ಆ ಬರಹಗಳಿಗೆ ಪುಲಿಟ್ಜರ್ ಬಂತು. ಗಮನಿಸಬೇಕಾದ ಮಾತೆಂದರೆ, ಊಬರ್ ಈ ಊರಿಗೆ ಕಾಲಿಟ್ಟದ್ದು 2011ರ ಮೇ ತಿಂಗಳಲ್ಲಿ. ಅದಾಗಿ ಎರಡೂವರೆ ವರ್ಷದ ಮೇಲೂ ನಗರಸಭೆ ಬಿಲ್ಲೆ ಹರಾಜು ಹಾಕುತ್ತಲೇ ಇತ್ತು.

ಊಬರ್ ಒಳಗೆ ಬಂದ ಬಾಗಿಲು ಯಾವುದೆಂದು ಹೇಳಬೇಕು. ಕೈಯೆತ್ತಿದವರನ್ನು ಹತ್ತಿಸಿಕೊಳ್ಳುವ ಹಕ್ಕು ಆಗ ಹಳದಿ ಟ್ಯಾಕ್ಸಿಗೆ ಮಾತ್ರ ಇತ್ತು. ಮುಂಚೆ ಫೋನು ಮಾಡಿ ಗೊತ್ತುಮಾಡಿಕೊಂಡು ಹೋಗುವ ಕರಿಯ ಕಾರು, ಲಿವರಿ ಕಾರುಗಳಿಗೆ ಬೇರೆ ಪರವಾನಗಿ. ಅದಕ್ಕೆ ಸಂಖ್ಯೆಯ ಮಿತಿಯಿರಲಿಲ್ಲ. ಕೈಗೂ ಫೋನಿಗೂ ನಡುವೆ ಇದ್ದ ಈ ಗೋಡೆಯ ಮೇಲೆ ಹತ್ತು ಲಕ್ಷ ಡಾಲರಿನ ಬಿಲ್ಲೆ ನಿಂತಿತ್ತು. ಪಾದಚಾರಿಯ ಕೈಯೊಳಗೇ ಫೋನು ಬಂದು ಕೂತಾಗ ಎರಡು ನಿಮಿಷದಲ್ಲಿ ಬರುವ ಕಾರು ‘ಮುಂಚೆ ಗೊತ್ತುಮಾಡಿದ್ದು’ ಎನಿಸಿಕೊಂಡಿತು. ಕಾನೂನು ಮುರಿಯದೆಯೇ ಗೋಡೆ ಬಿತ್ತು.

ಜನ ಆ ಕಡೆಗೆ ಓಡಿದ್ದನ್ನು ನಾನು ದೂರುವುದಿಲ್ಲ. ಹಳದಿ ಟ್ಯಾಕ್ಸಿಗಳು ಗಿರಾಕಿ ಹತ್ತಿಸುತ್ತಿದ್ದುದು ಬಹುಪಾಲು ಮ್ಯಾನ್‌ಹಟನ್ನಿನಲ್ಲಿ ಮತ್ತು ವಿಮಾನ ನಿಲ್ದಾಣಗಳಲ್ಲಿ. ನಾವಿರುವ ಕ್ವೀನ್ಸಿನಲ್ಲಿ ಖಾಲಿ ಹಳದಿ ಕಾರು ಕಂಡರೆ ಅದು ಗ್ಯಾರೇಜಿಗೆ ಹೋಗುವಂಥದು. ಸಂಜೆ ಐದಕ್ಕೆ ಪಾಳಿ ಬದಲಾವಣೆಯೆಂದು ಯಾವ ಕಾರೂ ನಿಲ್ಲದು. ಕಪ್ಪು ಜನರನ್ನು ಕಂಡು ಕಾರು ಮುಂದಕ್ಕೆ ಓಡಿಸುತ್ತಾರೆಂದು 1999ರಲ್ಲಿ ನಟ ಡ್ಯಾನಿ ಗ್ಲೋವರ್ ದೂರು ಕೊಟ್ಟಿದ್ದರು. ಆ ದೂರು ನಿಜವಾಗಿತ್ತು. ಹೆಂಡತಿಗೆ ಎದೆನೋವು ಬಂದು ಆಸ್ಪತ್ರೆಯಿಂದ ರಾತ್ರಿ ಹನ್ನೊಂದಕ್ಕೆ ಹೊರಬಂದಾಗ ಕ್ವೀನ್ಸ್ ಅಂದಕೂಡಲೇ ತಲೆಯಾಡಿಸಿ ಹೋದ ಮೂರು ಟ್ಯಾಕ್ಸಿಗಳನ್ನು ನಾನು ಮರೆತಿಲ್ಲ.

ಆದರೆ ಊಬರಿನ ಅಗ್ಗದ ಬಾಡಿಗೆ ನ್ಯಾಯದ ಬಾಡಿಗೆಯಾಗಿರಲಿಲ್ಲ. 2014ರ ಜುಲೈಯಲ್ಲಿ ದರ ಇಳಿಸಿ ಹಳದಿ ಟ್ಯಾಕ್ಸಿಗಿಂತ ಅಗ್ಗ ಎಂದು ಸಾರಿತು. ಇದರಿಂದಾದ ನಷ್ಟ ತುಂಬುತ್ತಿದ್ದವರು ಕಂಪನಿಯ ಹೂಡಿಕೆದಾರರು. 2019ರಲ್ಲಿ ಷೇರು ಪೇಟೆಗೆ ಬಂದ ವರ್ಷವೊಂದರಲ್ಲೇ ಕಂಪನಿಯ ನಷ್ಟ 850 ಕೋಟಿ ಡಾಲರು. ಸರ್ದಾರಜಿ ಅವರ ಜೊತೆ ಹೇಗೆ ಪೈಪೋಟಿ ನಡೆಸಬೇಕಿತ್ತು? ಮೀಟರಿನ ದರ ನಗರಸಭೆ ಗೊತ್ತುಮಾಡಿದ್ದು. ಇಳಿಸುವ ಹಕ್ಕೂ ಅವರಿಗಿಲ್ಲ. 2015ರ ಮಾರ್ಚಿಗೆ ಊಬರ್ ಕಾರುಗಳು ಹಳದಿ ಟ್ಯಾಕ್ಸಿಗಳ 13,587ನ್ನು ಮೀರಿದವು. ಆ ಬೇಸಿಗೆಯಲ್ಲಿ ಮೇಯರ್ ಡಿ ಬ್ಲಾಸಿಯೊ ಮಿತಿ ಹಾಕಲು ಹೊರಟರು. ಕಂಪನಿ ತನ್ನ ಆ್ಯಪಿನಲ್ಲೇ ಮೇಯರರ ಹೆಸರಿನ ಗುಂಡಿಯಿಟ್ಟು, ಅದನ್ನು ಒತ್ತಿದರೆ ಕಾರೇ ಇಲ್ಲದ ನಕ್ಷೆ ತೋರಿಸಿ ಜನರನ್ನು ಎತ್ತಿಕಟ್ಟಿತು. ಮೇಯರು ಹಿಂದೆ ಸರಿದರು. ಮಿತಿ ಬಂದದ್ದು 2018ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಆ ವರ್ಷ ಬಿಲ್ಲೆಯ ಬೆಲೆ 2 ಲಕ್ಷದ ಕೆಳಗೆ ಬಂತು. ಮೆಲ್ರೋಸನ್ನು ಸರ್ಕಾರ 2017ರ ಫೆಬ್ರವರಿಯಲ್ಲಿ ವಶಕ್ಕೆ ತೆಗೆದುಕೊಂಡು 2018ರ ಆಗಸ್ಟಿನಲ್ಲಿ ಮುಚ್ಚಿತು, ಲೋಮ್ಟೋ ಅದೇ ವರ್ಷ ಮುಚ್ಚಿತು. ಸಾಲದ ಕಾಗದಗಳನ್ನು ಹೂಡಿಕೆ ನಿಧಿಗಳು ಅಗ್ಗಕ್ಕೆ ಕೊಂಡವು. ಒಂದೇ ವರ್ಷದಲ್ಲಿ ಹಲವು ಚಾಲಕರು ತಮ್ಮ ಜೀವ ತೆಗೆದುಕೊಂಡರು. ಅವರಲ್ಲಿ ಒಬ್ಬರು ಫೆಬ್ರವರಿಯ ಬೆಳಿಗ್ಗೆ ನಗರಸಭೆಯ ಎದುರಿಗೇ. ಬದುಕಿನ ಕೊನೆಯ ವರ್ಷಗಳಲ್ಲಿ ವಾರಕ್ಕೆ ನೂರು ಗಂಟೆ ದುಡಿದೆನೆಂದು ಅವರು ಬರೆದಿಟ್ಟಿದ್ದರು. ಬ್ರೂಕ್ಲಿನ್ನಿನ ಆ ಹೆಂಗಸಿನ ಬಿಲ್ಲೆ ಯಾರೂ ಲೀಸಿಗೆ ಕೇಳದೆ ಗ್ಯಾರೇಜಿನ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಸರ್ದಾರಜಿಗೆ ಸಾಲ ಕೊಟ್ಟ ಸಂಸ್ಥೆ ಈ ಸಲ ಹೊಸದಾಗಿ ಬರೆದುಕೊಡಲು ಒಪ್ಪದೆ ಪೂರ್ತಿ ಹಣ ಕೇಳಿತು. ಸಾಲ ಮನ್ನಾ ಆದರೂ ಈ ದೇಶದಲ್ಲಿ ಅದು ಆದಾಯವೆಂದು ತೆರಿಗೆಗೆ ಬರುತ್ತದೆ. ಆಸ್ತಿಗಿಂತ ಸಾಲ ಹೆಚ್ಚೆಂದು ಸಾಬೀತು ಮಾಡಿದರೆ ವಿನಾಯಿತಿ ಉಂಟು. ದಿವಾಳಿ ಎಂದು ತೋರಿಸುವ ಆ ಅರ್ಜಿಗಳನ್ನು ತುಂಬುವಾಗ ಎದುರಿಗೆ ಕೂತವರು ನನ್ನ ಮುಖ ನೋಡುತ್ತಿರಲಿಲ್ಲ.

ಒಂದು ಮಾತನ್ನು ಬಿಡದೆ ಹೇಳಬೇಕು. ಈ ಕುಸಿತದಲ್ಲಿ ಎಲ್ಲರೂ ಒಂದೇ ಪ್ರಮಾಣದಲ್ಲಿ ನೊಂದಿಲ್ಲ. 1980ರಲ್ಲಿ ಕೊಂಡು 2013ರಲ್ಲಿ ಮಾರಿದವರು ಫ್ಲಾರಿಡಾಕ್ಕೆ ಹೋಗಿ ಸುಖವಾಗಿದ್ದಾರೆ. ದೊಡ್ಡ ಹೂಡಿಕೆದಾರರು ಒಂದೊಂದು ಬಿಲ್ಲೆಯನ್ನು ಒಂದೊಂದು ಕಂಪನಿಯ ಹೆಸರಿನಲ್ಲಿಟ್ಟು ಉಳಿದ ಆಸ್ತಿಗೆ ಬೇಲಿ ಹಾಕಿಕೊಂಡಿದ್ದರು. ನಗರಸಭೆ ತನ್ನ ಹರಾಜಿನ ಹಣವನ್ನು ಖರ್ಚು ಮಾಡಿ ಮುಗಿಸಿತ್ತು. ಸ್ವಂತ ಹೆಸರಿನಲ್ಲಿ, ಸ್ವಂತ ಮನೆಯ ಜಾಮೀನಿನ ಮೇಲೆ, ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ದುಬಾರಿಗೆ ಕೊಂಡವರು ಬಾಂಗ್ಲಾದೇಶ, ಪಾಕಿಸ್ತಾನ, ಪಂಜಾಬ್, ಹೈಟಿಯಿಂದ ಬಂದ ಚಾಲಕರು. ಊಬರ್ ಬಂದು ಉರುಳಿಸಿತು, ನಿಜ. ಉರುಳುವಂತೆ ಕಟ್ಟಿ, ಕಟ್ಟಿದ್ದು ಗಟ್ಟಿಯಿದೆ ಎಂದು ನಂಬಿಸಿ ಮಾರಿದವರು ನಗರಸಭೆ ಮತ್ತು ಸಾಲ ಕೊಟ್ಟ ಸಂಸ್ಥೆಗಳು. ಅಪರಾಧದ ದೊಡ್ಡ ಪಾಲು ಅವರದು.

2021ರ ಸೆಪ್ಟೆಂಬರಿನಲ್ಲಿ ಚಾಲಕರು ನಗರಸಭೆಯ ಹೊರಗೆ ಹಗಲೂ ರಾತ್ರಿ ಕೂತರು. ಅಕ್ಟೋಬರ್ 20ರಿಂದ ಉಪವಾಸ. ಭೈರವಿ ದೇಸಾಯಿ ಕೂತರು, ಆಗ ರಾಜ್ಯದ ಶಾಸಕರಾಗಿದ್ದ ಜೊಹ್ರಾನ್ ಮಮ್ದಾನಿಯೂ ಕೂತರು. ಎಪ್ಪತ್ತರ ಆಸುಪಾಸಿನ ಚಾಲಕರು ಗಾಲಿಕುರ್ಚಿಯಲ್ಲಿ ಉಪವಾಸವಿದ್ದದ್ದನ್ನು ನಾನು ಕಂಡೆ. ಸರ್ದಾರಜಿಗೆ ಸಕ್ಕರೆ ಕಾಯಿಲೆ, ಉಪವಾಸ ಬೇಡವೆಂದು ಸಂಘದವರು ತಡೆದಿದ್ದರು. ಅವರು ದಿನವೂ ಬಂದು ಕೂರುತ್ತಿದ್ದರು. ಹದಿನೈದನೇ ದಿನ, ನವೆಂಬರ್ 3ರಂದು, ನಗರಸಭೆ ಒಪ್ಪಿತು. ದೊಡ್ಡ ಸಾಲಗಳನ್ನು 1,70,000 ಡಾಲರಿಗೆ ಇಳಿಸುವುದು, ಅದಕ್ಕೆ ನಗರವೇ ಜಾಮೀನು ನಿಲ್ಲುವುದು. ಆ ದಿನ ಬ್ರಾಡ್‌ವೇಯಲ್ಲಿ ಗಡ್ಡ ನರೆತ ಗಂಡಸರು ಅಳುತ್ತ ಕುಣಿದರು. ನಾನೂ ಅತ್ತೆ. ಕಾಗೋಡಿನ ಸುದ್ದಿ ಕೇಳಿದ ರಾತ್ರಿ ನಮ್ಮ ಕೇರಿ ಹೇಗಿತ್ತೆಂದು ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು.

2022ರ ಮಾರ್ಚಿನಲ್ಲಿ ಊಬರ್, ಈ ಊರಿನ ಹಳದಿ ಟ್ಯಾಕ್ಸಿಗಳನ್ನೂ ತನ್ನ ಆ್ಯಪಿಗೆ ಸೇರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಈಗ ಸರ್ದಾರಜಿಯ ಕಾರಿನಲ್ಲಿ ಬೀದಿಯಲ್ಲಿ ಕೈಯೆತ್ತಿದವರೂ ಕೂರುತ್ತಾರೆ, ಊಬರಿನಲ್ಲಿ ಕರೆದವರೂ ಕೂರುತ್ತಾರೆ. ಅದೇ ವರ್ಷದ ಆಗಸ್ಟಿನಲ್ಲಿ ಹೊಸ ಸಾಲದ ಕಾಗದ ಬಂದಾಗ ಬಡ್ಡಿಯ ದರ ಏರಿತ್ತು. ಮೊದಲು 1,122 ಡಾಲರು ಎಂದಿದ್ದ ತಿಂಗಳ ಕಂತು 1,234 ಆಯಿತು, ಅವಧಿ 25 ವರ್ಷ. ಇದರಲ್ಲಿ ಅಸಲೂ ಸೇರಿದೆಯೇ ಎಂದು ಸರ್ದಾರಜಿ ಎರಡು ಸಲ ಕೇಳಿದರು. ಸೇರಿದೆ ಎಂದು ನಾನು ಬೆರಳಿಟ್ಟು ತೋರಿಸಿದೆ. ಹತ್ತು ಡಾಲರಿನ ಬಿಲ್ಲೆಗೆ ಅವರು ಕಟ್ಟುವ ಕೊನೆಯ ಕಂತು 2047ರಲ್ಲಿ. ಆಗ ಅವರಿಗೆ ಎಂಬತ್ತೇಳು ವರ್ಷ.